ಆರು ದಿನ, ಐದು ಗೆಲವು

ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರೋಣವೆಂದು ಅಮೆರಿಕಕ್ಕೆ ಹೋದ ಮುದುಕನಿಗೆ ಅಲ್ಲಿ ಹೊತ್ತು ಕಳೆಯುವುದೇ ಒಂದು ಉದ್ಯೋಗ. ನಾನಿದ್ದ ಊರು ಟೆನೆಸಿ ಸಂಸ್ಥಾನದ ನ್ಯಾಷ್‌ವಿಲ್. ಶನಿವಾರ ಬಂತೆಂದರೆ ನನ್ನ ಅಳಿಯ ಬೆಳಗಿನಿಂದ ಸಂಜೆಯವರೆಗೆ ಟೆಲಿವಿಷನ್ನಿನ ಮುಂದೆ ಕುಳಿತು ಫುಟ್‌ಬಾಲ್ ನೋಡುವನು. ಬೇರೆ ಕೆಲಸವಿಲ್ಲದೆ ನಾನೂ ಪಕ್ಕದಲ್ಲಿ ಕುಳಿತೆ. ಲಕ್ಷ ಜನ ಹಿಡಿಸುವ ಕ್ರೀಡಾಂಗಣ, ಕಿವಿ ಕಿವುಡಾಗುವ ವಾದ್ಯ, ತಲೆಗೆ ಶಿರಸ್ತ್ರಾಣ ಹೆಗಲಿಗೆ ಕವಚ ತೊಟ್ಟು ಕುರುಕ್ಷೇತ್ರಕ್ಕೆ ಹೊರಟವರಂತೆ ಕಾಣುವ ಹುಡುಗರು.

“ಇವರೆಲ್ಲ ಕಾಲೇಜಿನಲ್ಲಿ ಓದುತ್ತಿರುವವರೇ?” ಎಂದು ಕೇಳಿದೆ.

“ಹೌದು ಮಾವ. ಆದರೆ ಈಗ ಇವರಿಗೆ ಕಾಲೇಜೇ ಹಣ ಕೊಡುತ್ತದೆ. ಕೆಲವರಿಗೆ ಬರುವ ಹಣ ಅವರ ಮೇಷ್ಟರುಗಳ ಸಂಬಳಕ್ಕಿಂತ ಎಷ್ಟೋ ಪಾಲು ಹೆಚ್ಚು.”

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದ ನನಗೆ ಈ ಮಾತು ಮುಳ್ಳಿನಂತೆ ಚುಚ್ಚಿತು. “ಹಾಗಾದರೆ ಪಾಠ?” ಎಂದೆ. ಅಳಿಯ ನಕ್ಕ. “ಪಾಠವನ್ನೂ ಆಟವನ್ನೂ ಒಟ್ಟಿಗೆ ನೋಡಬೇಕಾದರೆ ಬೆಟ್ಟಕ್ಕೆ ಹೋಗಬೇಕು. ಮುಂದಿನ ಶನಿವಾರ ಕರೆದುಕೊಂಡು ಹೋಗುತ್ತೇನೆ” ಎಂದ.

ಬೆಟ್ಟವೆಂದರೆ ಸೆವಾನಿ. ನ್ಯಾಷ್‌ವಿಲ್ಲಿನಿಂದ ಆಗ್ನೇಯಕ್ಕೆ ಸುಮಾರು 90 ಮೈಲಿ ದೂರದಲ್ಲಿ, ಕಂಬರ್‌ಲೆಂಡ್ ಪ್ರಸ್ಥಭೂಮಿಯ ಮೇಲೆ, ಸುಮಾರು 13,000 ಎಕರೆ ಕಾಡಿನ ನಡುವೆ ಇರುವ ಒಂದು ಪುಟ್ಟ ಊರು. ಊರೆಂದರೆ ಕಾಲೇಜು, ಕಾಲೇಜೆಂದರೆ ಊರು. ಅದರ ದೊಡ್ಡ ಹೆಸರು ‘ದಕ್ಷಿಣದ ವಿಶ್ವವಿದ್ಯಾನಿಲಯ’. ಆದರೆ ಎಲ್ಲರೂ ಅದನ್ನು ಕರೆಯುವುದು ಸೆವಾನಿ ಎಂದೇ. ಕಲ್ಲಿನ ಕಟ್ಟಡಗಳು, ಇಂಗ್ಲೆಂಡಿನ ಆಕ್ಸ್‌ಫರ್ಡನ್ನು ನೆನಪಿಗೆ ತರುವ ಗೋಪುರಗಳು, ಕಪ್ಪು ನಿಲುವಂಗಿ ತೊಟ್ಟು ತರಗತಿಗೆ ಹೋಗುವ ವಿದ್ಯಾರ್ಥಿಗಳು. ಅಲ್ಲಿಯ ಆಟದ ಬಯಲಿನಲ್ಲಿ ಕುಳಿತು ನಾನು ತಿಳಿದುಕೊಂಡ ಕಥೆಯನ್ನೂ, ಹಿಂತಿರುಗಿ ಬಂದು ಪುಸ್ತಕಗಳಲ್ಲಿ ಓದಿ ತಿದ್ದಿಕೊಂಡ ಕಥೆಯನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಮೊದಲು ಆಟದ ವಿಷಯ ಎರಡು ಮಾತು. ಹೆಸರು ಕಾಲ್ಚೆಂಡಾದರೂ ಚೆಂಡು ಕಾಲಿಗೆ ಸಿಕ್ಕುವುದು ಅಪರೂಪ. ಮೊಟ್ಟೆಯಾಕಾರದ ಆ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಎದುರಾಳಿಯ ಗಡಿ ದಾಟಿಸಬೇಕು. ಎದುರಾಳಿಗಳು ಅವನನ್ನು ಹಿಡಿದು ನೆಲಕ್ಕೆ ಕೆಡವಬೇಕು. ನಮ್ಮ ಹುತುತುವಿಗೆ ಒಂದಿಷ್ಟು ಕುಸ್ತಿಯನ್ನೂ ಒಂದಿಷ್ಟು ಚದುರಂಗವನ್ನೂ ಬೆರೆಸಿದರೆ ಏನಾದೀತೋ ಅದು. ಈಗಿನ ಆಟದಲ್ಲಿ ಚೆಂಡನ್ನು ದೂರಕ್ಕೆ ಎಸೆಯುವ ಸೊಗಸು ಒಂದುಂಟು. ಆದರೆ 1906ರವರೆಗೆ ಹಾಗೆ ಮುಂದಕ್ಕೆ ಎಸೆಯುವುದಕ್ಕೆ ಅಪ್ಪಣೆಯಿರಲಿಲ್ಲ. ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಗೆ. ಐದು ಗಜಕ್ಕಾಗಿ ಹನ್ನೊಂದು ಮಂದಿ ಹನ್ನೊಂದು ಮಂದಿಯ ಮೇಲೆ ಗೋಡೆ ಬಿದ್ದಂತೆ ಬೀಳುವರು. ಶಿರಸ್ತ್ರಾಣವೆಂಬುದು ಕಡ್ಡಾಯವಲ್ಲ. ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ; ಆದ್ದರಿಂದ ರಕ್ತ ಸುರಿದರೂ ಯಾರೂ ಹೊರಗೆ ಹೋಗುತ್ತಿರಲಿಲ್ಲ.

ಇಂಥ ಆಟವನ್ನು ಸೆವಾನಿಯವರು ಆಡತೊಡಗಿದ್ದು 1891ರಲ್ಲಿ. ಆಗ ಆ ಕಾಲೇಜಿಗೆ ಇನ್ನೂ ಎಳೆಯ ವಯಸ್ಸು, ಹುಟ್ಟಿದ್ದು ಕೆಟ್ಟ ಗಳಿಗೆಯಲ್ಲಿ. ದಕ್ಷಿಣ ಸಂಸ್ಥಾನಗಳ ಕ್ರೈಸ್ತ ಬಿಷಪ್ಪರು 1857ರಲ್ಲಿ ಕೂಡಿ ಅದನ್ನು ಸ್ಥಾಪಿಸಿದರು. ಆ ಬಿಷಪ್ಪರಲ್ಲಿ ಮುಖ್ಯನಾದ ಲಿಯೊನಿಡಸ್ ಪೋಲ್ಕ್ ನೂರಾರು ಗುಲಾಮರ ಒಡೆಯ. ಗುಲಾಮರ ದುಡಿಮೆಯಿಂದ ಬದುಕುವ ಸಮಾಜಕ್ಕೆ ಅದರದೇ ಆದ ವಿದ್ಯಾಪೀಠವೊಂದು ಬೇಕು ಎಂಬುದು ಅಂದಿನ ಸಂಕಲ್ಪದಲ್ಲೇ ಸೇರಿತ್ತು. 1860ರಲ್ಲಿ ಅಡಿಗಲ್ಲು ಬಿತ್ತು, ಮರುವರ್ಷ ಅಂತರ್ಯುದ್ಧ. ಪೋಲ್ಕ್ ಬಿಷಪ್ಪನ ನಿಲುವಂಗಿ ಕಳಚಿ ದಕ್ಷಿಣದ ಸೇನಾನಿಯಾಗಿ 1864ರಲ್ಲಿ ಗುಂಡಿಗೆ ಬಲಿಯಾದ. ಅಷ್ಟರಲ್ಲಿ ಉತ್ತರದ ಸಿಪಾಯಿಗಳು ಅಡಿಗಲ್ಲನ್ನೂ ಸಿಡಿಮದ್ದಿಟ್ಟು ಪುಡಿಮಾಡಿದ್ದರು. ಯುದ್ಧ ಮುಗಿದು, ಗುಲಾಮಗಿರಿ ಅಳಿದು, ದಕ್ಷಿಣ ಪಾಪರಾಗಿ ಕುಳಿತಿದ್ದ 1868ರಲ್ಲಿ ಒಂಬತ್ತು ವಿದ್ಯಾರ್ಥಿಗಳೊಡನೆ ಕಾಲೇಜು ಬಾಗಿಲು ತೆರೆಯಿತು. ಆಮೇಲೂ ಅದು ಬಹುಕಾಲ ಬಿಳಿಯರದಾಗಿಯೇ ಉಳಿಯಿತು. ಕರಿಯರಿಗೆ ಪ್ರವೇಶ ಕೊಡಲು ಧರ್ಮದರ್ಶಿಗಳು 1952ರಲ್ಲಿ ಒಪ್ಪದೆ ಹೋದಾಗ ಅಲ್ಲಿಯ ದೈವಶಾಸ್ತ್ರದ ಅಧ್ಯಾಪಕರಲ್ಲಿ ಹೆಚ್ಚಿನವರು ರಾಜೀನಾಮೆ ಕೊಟ್ಟರು. ಮರುವರ್ಷ ಧರ್ಮದರ್ಶಿಗಳು ಮಣಿದರು. ಹಳೆಯ ದಕ್ಷಿಣದ ಆ ಆರಾಧನೆಯನ್ನು ತಾವು ತಿರಸ್ಕರಿಸಿದ್ದೇವೆಂದು ವಿಶ್ವವಿದ್ಯಾನಿಲಯವು ಬಾಯಿಬಿಟ್ಟು ಹೇಳಿದ್ದು 2020ರಲ್ಲಿ. ಮುಂದೆ ನಾನು ಹೊಗಳಲಿರುವುದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ. ಕಥೆಯ ಬೆಳಕಿನ ಭಾಗವನ್ನಷ್ಟೇ ಹೇಳುವವನು ಇತಿಹಾಸದ ಮೇಷ್ಟರಲ್ಲ.

ಇನ್ನು 1899ರ ಮಾತು.

ಸೆವಾನಿಗೆ ನ್ಯಾಷ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯ ಹಳೆಯ ಎದುರಾಳಿ. ಅವರಿಬ್ಬರ ಪಂದ್ಯಕ್ಕೆ ಜನ ಸೇರುತ್ತಿದ್ದರು, ಟಿಕೆಟ್ಟಿನ ಹಣ ಬರುತ್ತಿತ್ತು. ಆ ಹಣವನ್ನು ಹಂಚಿಕೊಳ್ಳುವ ಬಗ್ಗೆ ಜಗಳ ಹುಟ್ಟಿ ಆ ವರ್ಷ ಪಂದ್ಯವೇ ನಿಂತುಹೋಯಿತು. ಹಣ ಎಂದರೆ ಹೆಣವೂ ಬಾಯಿಬಿಡುತ್ತದೆ ಎನ್ನುತ್ತಾರಲ್ಲ, ಬೆಟ್ಟದ ಮೇಲಿನ ಪವಿತ್ರ ವಿದ್ಯಾಪೀಠವೂ ಆ ಮಾತಿಗೆ ಹೊರತಾಗಿರಲಿಲ್ಲ. ತಂಡದ ವ್ಯವಸ್ಥಾಪಕನಾಗಿದ್ದವನು ಲ್ಯೂಕ್ ಲೀ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ. ಕಳೆದುಹೋದ ಹಣವನ್ನು ಹೇಗಾದರೂ ತುಂಬಬೇಕೆಂದು ಅವನು ಒಂದು ಉಪಾಯ ಹೂಡಿದ. ದೂರದ ದೊಡ್ಡ ಕಾಲೇಜುಗಳೊಡನೆ, ಒಂದೇ ರೈಲು ಪ್ರಯಾಣದಲ್ಲಿ, ಒಂದರ ಹಿಂದೊಂದು ಪಂದ್ಯ! ಬೇರೆ ಬೇರೆಯಾಗಿ ಹೋಗಿಬರುವ ಖರ್ಚು ಉಳಿಯುತ್ತದೆ. ಐದು ಊರಿನ ಹುಟ್ಟುವಳಿ ಕೈಗೆ ಬರುತ್ತದೆ. ಆಡುವವರ ಮೈಕೈಯ ಗತಿ ಏನೆಂಬುದು ಆ ಲೆಕ್ಕದಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ತಂಡದ ಬಲ ಇಪ್ಪತ್ತೊಂದು ಮಂದಿ. ನಾಯಕ ಹೆನ್ರಿ ಸೈಬಲ್ಸ್. ತರಬೇತು ಕೊಟ್ಟವನು ಪ್ರಿನ್ಸ್‌ಟನ್ನಿನಲ್ಲಿ ಕಲಿತ ಬಿಲ್ಲಿ ಸ್ಯೂಟರ್. ಮಲಗುವ ಸೌಕರ್ಯವಿದ್ದ ರೈಲುಗಾಡಿಯಲ್ಲಿ, ಪರವೂರಿನ ನೀರು ಒಗ್ಗೀತೋ ಇಲ್ಲವೋ ಎಂದು ಬೆಟ್ಟದ ಬುಗ್ಗೆಯ ನೀರನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಹೊರಟರು. ಹೊರಟ ಮೇಲೆ ಆಟದ ಬೂಟುಗಳನ್ನೇ ಮರೆತು ಬಂದದ್ದು ತಿಳಿದು, ತಂತಿ ಕಳಿಸಿ ಹಿಂದಿನಿಂದ ತರಿಸಿಕೊಂಡರೆಂದು ಹೇಳುತ್ತಾರೆ. ನೀರನ್ನು ಮರೆಯದೆ ಬೂಟನ್ನು ಮರೆತ ಈ ಹುಡುಗರನ್ನು ಕಂಡರೆ ನನಗೇನೋ ವಿಶ್ವಾಸ. ನಮ್ಮ ಕಾಲೇಜಿನ ತಂಡಗಳನ್ನು ಪರವೂರಿಗೆ ಕರೆದುಕೊಂಡು ಹೋಗಿ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ.

ನವೆಂಬರ್ 9, ಗುರುವಾರ. ಆಸ್ಟಿನ್ನಿನಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದ ಮೇಲೆ 12-0. ಆ ಆಟದಲ್ಲಿ ಸೈಬಲ್ಸನ ತಲೆ ಒಡೆದು ರಕ್ತ ಹರಿಯಿತು. ಪಟ್ಟಿ ಕಟ್ಟಿಕೊಂಡು ಆಡಿದ. ಮರುದಿನ ಶುಕ್ರವಾರ ಹ್ಯೂಸ್ಟನ್ನಿನಲ್ಲಿ ಟೆಕ್ಸಸ್ ಎ. ಅಂಡ್ ಎಂ. ಮೇಲೆ 10-0. ರಾತ್ರಿಯೆಲ್ಲ ರೈಲು, ಶನಿವಾರ ನ್ಯೂ ಆರ್ಲಿಯನ್ಸಿನಲ್ಲಿ ಟುಲೇನ್ ಮೇಲೆ 23-0. ಭಾನುವಾರ ದೇವರ ದಿನ, ಆಟವಿಲ್ಲ. ಸೋಮವಾರ ಬ್ಯಾಟನ್ ರೂಜಿನಲ್ಲಿ ಲೂಯಿಸಿಯಾನ ವಿಶ್ವವಿದ್ಯಾನಿಲಯದ ಮೇಲೆ 34-0. ಮಂಗಳವಾರ, ನವೆಂಬರ್ 14, ಮೆಂಫಿಸ್ಸಿನಲ್ಲಿ ಮಿಸಿಸಿಪಿ ವಿಶ್ವವಿದ್ಯಾನಿಲಯದ ಮೇಲೆ 12-0. ಆರು ದಿನ, ಐದು ಪಂದ್ಯ, ಐದು ಗೆಲವು. ಹೋಗಿಬಂದ ದಾರಿ ಸುಮಾರು 2,500 ಮೈಲಿ. ತಾವು ಗಳಿಸಿದ ಅಂಕ 91. ಎದುರಾಳಿಗಳು ಐವರೂ ಕೂಡಿ ಗಳಿಸಿದ್ದು ಸೊನ್ನೆ.

ಆ ವರ್ಷವೆಲ್ಲ ಆಡಿದ ಪಂದ್ಯ ಹನ್ನೆರಡು, ಗೆದ್ದದ್ದೂ ಹನ್ನೆರಡು. ಒಟ್ಟು ಅಂಕ 322, ಬಿಟ್ಟುಕೊಟ್ಟದ್ದು 10. ಆ ಹತ್ತನ್ನೂ ಕಸಿದುಕೊಂಡದ್ದು ಆಬರ್ನ್ ತಂಡ ಒಂದೇ. ಆ ಪಂದ್ಯವನ್ನು ಸೆವಾನಿ ಗೆದ್ದದ್ದು 11-10ರಿಂದ, ಕೂದಲೆಳೆಯ ಅಂತರದಲ್ಲಿ. ಆಬರ್ನಿನ ಶಿಕ್ಷಕ ಜಾನ್ ಹೈಸ್ಮನ್. ಇಂದು ಅಮೆರಿಕದ ಕಾಲೇಜು ಆಟಗಾರರಲ್ಲಿ ಅತ್ಯುತ್ತಮನಿಗೆ ಕೊಡುವ ಪಾರಿತೋಷಕ ಇರುವುದು ಇವನ ಹೆಸರಿನಲ್ಲಿಯೇ.

ಈ ಪ್ರಯಾಣವನ್ನು ಹೂಡಿದ ಲ್ಯೂಕ್ ಲೀ ಮುಂದೆ ಏನಾದನೆಂದು ವಾಚಕರಿಗೆ ಕುತೂಹಲವಿರಬಹುದು. ಪತ್ರಿಕೆ ಸ್ಥಾಪಿಸಿದ, ಸೆನೆಟ್ಟಿನ ಸದಸ್ಯನಾದ. ಮೊದಲನೆಯ ಮಹಾಯುದ್ಧ ಮುಗಿದೊಡನೆ, 1919ರ ಜನವರಿಯಲ್ಲಿ, ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಕೈಸರನನ್ನೇ ಎತ್ತಿಕೊಂಡು ಬರುತ್ತೇನೆಂದು ಕೆಲವು ಸಂಗಡಿಗರೊಡನೆ ಮೋಟಾರಿನಲ್ಲಿ ಹೋಗಿ, ಬರಿಗೈಯಲ್ಲಿ ಹಿಂತಿರುಗಿದ. ಪೂರ್ತಿ ಬರಿಗೈಯೆಂದರೂ ತಪ್ಪು. ಸಂಗಡಿಗನೊಬ್ಬ ಅರಮನೆಯ ಬೂದಿತಟ್ಟೆಯೊಂದನ್ನು ಜೇಬಿಗಿಳಿಸಿದ್ದ! ಕೊನೆಗೆ ಬ್ಯಾಂಕಿನ ವ್ಯವಹಾರದಲ್ಲಿ ವಂಚನೆಯ ಆರೋಪ ಸ್ಥಿರಪಟ್ಟು ಸೆರೆಮನೆ ಕಂಡ. ಆಮೇಲೆ ಕ್ಷಮಾದಾನವೂ ಸಿಕ್ಕಿತು. ತಂಡದ ಬಲಭೀಮನೆನಿಸಿದ್ದ ಆರ್ಮಂಡ್ ಸಿಮ್‌ಕಿನ್ಸನ ಪಾಡು ಬೇರೆ. ಆಟದಲ್ಲಿ ಕಾಲಿಗೆ ಬಿದ್ದ ಪೆಟ್ಟುಗಳೇ ಮುಂದೆ ಅವನ ಕಾಲು ಕತ್ತರಿಸುವುದಕ್ಕೆ ಕಾರಣವಾದುವು. 91-0 ಎಂಬ ಲೆಕ್ಕದಲ್ಲಿ ಆ ಕಾಲು ಸೇರಿಲ್ಲ.

ಅವನೊಬ್ಬನದೇ ಪಾಡಲ್ಲ. 1905ರ ಒಂದೇ ಋತುವಿನಲ್ಲಿ ದೇಶದಲ್ಲಿ ಹದಿನೆಂಟು ಹತ್ತೊಂಬತ್ತು ಹುಡುಗರು ಈ ಆಟದಲ್ಲಿ ಸತ್ತರು. ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನುಗಳ ಮುಖ್ಯರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳಿರೆಂದ. ನಿಯಮಗಳು ಬದಲಾದುವು, ಚೆಂಡೆಸೆತ ಬಂತು, ಆಟ ಕಣ್ಣಿಗೆ ಹಬ್ಬವಾಯಿತು. ಹಬ್ಬವಾದೊಡನೆ ಜಾತ್ರೆ ನೆರೆಯಿತು. ಜಾತ್ರೆಯ ಹಿಂದೆ ಅಂಗಡಿಯೂ ಬಂತು. ಸಂಸ್ಥಾನದ ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಸಾವಿರಾರು ವಿದ್ಯಾರ್ಥಿಗಳು, ಸರ್ಕಾರದ ಬೊಕ್ಕಸ, ಸಿಮೆಂಟಿನ ಕ್ರೀಡಾಂಗಣ. ಬೆಟ್ಟದ ಮೇಲೆ ಇದ್ದವರು ಕೆಲವೇ ನೂರು ಹುಡುಗರು.

ಆದರೂ ಹಳೆಯ ಹೆಸರು ದೊಡ್ಡದು. 1932ರ ಡಿಸೆಂಬರಿನಲ್ಲಿ ದಕ್ಷಿಣದ ಹದಿಮೂರು ವಿಶ್ವವಿದ್ಯಾನಿಲಯಗಳು ಸೇರಿ ‘ಆಗ್ನೇಯ ಒಕ್ಕೂಟ’ವನ್ನು ಕಟ್ಟಿದಾಗ ಅಲಬಾಮಾ, ಜಾರ್ಜಿಯಾ, ಟೆನೆಸಿಗಳ ಸರಿಸಮಕ್ಕೆ ಸೆವಾನಿಗೂ ಮಣೆ ಹಾಕಿದರು. ಮೂರು ವರ್ಷದಲ್ಲಿ ಆ ಒಕ್ಕೂಟ ಆಟಗಾರರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆತರುವುದನ್ನು ಬಹಿರಂಗವಾಗಿಯೇ ಒಪ್ಪಿತು. ಅಲ್ಲಿಯವರೆಗೆ ಕದ್ದು ನಡೆಯುತ್ತಿದ್ದುದು ಇನ್ನು ಹಗಲಿನಲ್ಲಿ ನಡೆಯಿತು, ಅಷ್ಟೆ. ಸೆವಾನಿಯೂ ಶಕ್ತಿಮೀರಿ ಆ ಪೈಪೋಟಿಯಲ್ಲಿ ನಿಂತಿತು. ಫಲ? ಎಂಟು ಋತುಗಳಲ್ಲಿ ಒಕ್ಕೂಟದ ತಂಡಗಳೊಡನೆ ಆಡಿದ ಪಂದ್ಯ 37, ಸೋತದ್ದು 37. ಒಂದು ಗೆಲವಿಲ್ಲ, ಒಂದು ಸಮವೂ ಇಲ್ಲ. ಆರು ದಿನದಲ್ಲಿ ಐದು ಗೆದ್ದವರ ಮೊಮ್ಮಕ್ಕಳಿಗೆ ಎಂಟು ವರ್ಷದಲ್ಲಿ ಒಂದು ಗೆಲ್ಲಲಾಗಲಿಲ್ಲ.

ಇಂಥ ಹೊತ್ತಿನಲ್ಲಿ, 1938ರಲ್ಲಿ, ಕಾಲೇಜಿನ ಆಡಳಿತಕ್ಕೆ ಬಂದವರು ಅಲೆಕ್ಸಾಂಡರ್ ಗೆರಿ. ಅವರು ಸೆವಾನಿಯಲ್ಲಿಯೇ ಓದಿದವರು. ಒಂಬತ್ತು ವರ್ಷ ಚಟನೂಗ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದವರು. ಅವರ ಮುಂದೆ ಮೂರು ದಾರಿ ಇದ್ದುವು. ಹೆಚ್ಚು ಹಣ ಸುರಿದು ಹೆಚ್ಚು ಒಳ್ಳೆಯ ಆಟಗಾರರನ್ನು ತರುವುದು ಒಂದು; ಅದಕ್ಕೆ ಹಣವಿಲ್ಲ, ಇದ್ದರೂ ಅದು ಪಾಠದ ಹಣ. ಆಟವನ್ನೇ ಮುಚ್ಚಿಬಿಡುವುದು ಎರಡು. 1939ರ ಕೊನೆಯಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯ ಮಾಡಿದ್ದು ಅದನ್ನೇ. ಅಲ್ಲಿಯ ಖಾಲಿ ಬಿದ್ದ ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲೇ 1942ರ ಡಿಸೆಂಬರ್ 2ರಂದು ಫರ್ಮಿ ಮತ್ತು ಸಂಗಡಿಗರು ಪ್ರಪಂಚದ ಮೊದಲ ಪರಮಾಣು ಸರಪಣಿ ಕ್ರಿಯೆಯನ್ನು ನಡೆಸಿದರು. ಮೂರನೆಯ ದಾರಿ, ಆಟವನ್ನು ಉಳಿಸಿಕೊಂಡು ವ್ಯಾಪಾರವನ್ನು ಬಿಡುವುದು. ಗೆರಿಯವರು ಹಿಡಿದದ್ದು ಇದನ್ನು. 1940ರ ಡಿಸೆಂಬರಿನಲ್ಲಿ ಸೆವಾನಿ ಒಕ್ಕೂಟವನ್ನು ಬಿಟ್ಟು ಹೊರಬಂತು. ಆಟಕ್ಕಾಗಿ ಕೊಡುವ ವಿದ್ಯಾರ್ಥಿವೇತನ ನಿಂತಿತು. ಓದಲು ಬಂದ ಹುಡುಗರು ಆಡಬೇಕೇ ಹೊರತು ಆಡಲು ಬಂದವರಿಗೆ ಓದಿನ ವೇಷ ಹಾಕಬಾರದು, ಇದು ಅವರ ನಿಲುವಿನ ತಿರುಳು.

ಸೋತು ಸುಣ್ಣವಾದವನು ‘ನನಗೆ ಆಟವೇ ಬೇಡ’ ಎಂದರೆ ಅದರಲ್ಲೇನು ಹೆಚ್ಚುಗಾರಿಕೆ, ಕೈಗೆಟುಕದ ದ್ರಾಕ್ಷಿ ಹುಳಿಯಲ್ಲವೆ ಎಂದು ವಾಚಕರು ಕೇಳಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ದ್ರಾಕ್ಷಿಯನ್ನು ಬೈದ ನರಿ ತೋಟ ಬಿಟ್ಟು ಹೋಯಿತು. ಸೆವಾನಿ ತೋಟ ಬಿಡಲಿಲ್ಲ. ತನ್ನಂಥ ಸಣ್ಣ ಕಾಲೇಜುಗಳನ್ನು ಹುಡುಕಿಕೊಂಡು ಆಡುತ್ತಲೇ ಬಂತು. 1957ರಲ್ಲಿ ಷರ್ಲಿ ಮೇಜರ್ಸ್ ಎಂಬ ಶಿಕ್ಷಕ ಬಂದು ಇಪ್ಪತ್ತು ವರ್ಷ ನಿಂತ. ಅವನ ಕಾಲದಲ್ಲಿ 1958ರಲ್ಲಿ ಒಮ್ಮೆ, 1963ರಲ್ಲಿ ಇನ್ನೊಮ್ಮೆ ತಂಡ ಒಂದೂ ಪಂದ್ಯ ಸೋಲದೆ ಋತು ಮುಗಿಸಿತು. ಈಗ ಅದು ಇರುವುದು ‘ಮೂರನೆಯ ವಿಭಾಗ’ ಎನ್ನುವ ಪಂಗಡದಲ್ಲಿ. ಅಲ್ಲಿ ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನವೇ ಇಲ್ಲ.

ಬಿಟ್ಟುಬಂದ ಒಕ್ಕೂಟ ಏನಾಯಿತು? ಕುಬೇರನ ಮನೆಯಾಯಿತು. 1899ರ ಆ ಆರು ದಿನಗಳಲ್ಲಿ ಸೆವಾನಿಗೆ ಸೋತ ಐವರಲ್ಲಿ ನಾಲ್ವರು ಇಂದು ಆ ಒಕ್ಕೂಟದಲ್ಲಿದ್ದಾರೆ. ಟೆಕ್ಸಸ್ ವಿಶ್ವವಿದ್ಯಾನಿಲಯ 2024ರಲ್ಲಿ ಸೇರಿತು. ಟೆಲಿವಿಷನ್ ಮೊದಲಾದುವುಗಳಿಂದ ಒಬ್ಬೊಬ್ಬ ಸದಸ್ಯನ ಪಾಲಿಗೆ ವರ್ಷಕ್ಕೆ ಬರುವುದು ಹಲವು ಕೋಟಿ ಡಾಲರು. ಆಡುವ ಹುಡುಗನಿಗೆ ಮಾತ್ರ ಬಹುಕಾಲ ಊಟ, ವಸತಿ, ಫೀಜು ಬಿಟ್ಟರೆ ಚಿಕ್ಕಾಸಿಲ್ಲ. ತನ್ನ ಹೆಸರು, ಮುಖಗಳಿಂದ ಬರುವ ಹಣ ಅವನಿಗೂ ಸಲ್ಲಬೇಕೆಂಬ ಮಾತಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. 2025ರಿಂದ ನ್ಯಾಯಾಲಯದ ಒಪ್ಪಿಗೆಯಂತೆ ಕಾಲೇಜುಗಳೇ ನೇರವಾಗಿ ಕೊಡುತ್ತಿವೆ.

ಟೆಲಿವಿಷನ್ ಮುಂದೆ ಕುಳಿತಾಗ ನನ್ನನ್ನು ಚುಚ್ಚಿದ್ದು ಈ ಸಂಬಳದ ಮಾತೇ. ಈ ಕಥೆಯನ್ನೆಲ್ಲ ತಿಳಿದ ಮೇಲೆ ಆ ಮುಳ್ಳು ಬೇರೆ ಕಡೆಗೆ ಸರಿದಿದೆ. ಹುಡುಗರು ಹಣ ತೆಗೆದುಕೊಳ್ಳುವುದು ತಪ್ಪೆಂದು ನನಗೆ ಈಗ ಅನ್ನಿಸುವುದಿಲ್ಲ. ಬೀಳುವ ಪೆಟ್ಟು ಅವರದು, ಮುರಿಯುವ ಕಾಲು ಅವರದು. ವ್ಯಾಪಾರವೇ ನಡೆಯುವುದಾದರೆ ಕೂಲಿ ಕೊಡದಿರುವುದು ಅನ್ಯಾಯ. ತಪ್ಪು ಇದ್ದದ್ದು ಇನ್ನೂ ಹಿಂದೆ, ವ್ಯಾಪಾರವನ್ನು ವಿದ್ಯೆಯೆಂದು ಕರೆದುಕೊಂಡು ಬಂದದ್ದರಲ್ಲಿ. ಇಪ್ಪತ್ತು ವರ್ಷದ ಲ್ಯೂಕ್ ಲೀ ಟಿಕೆಟ್ಟಿನ ಹಣಕ್ಕಾಗಿ ಸಂಗಡಿಗರನ್ನು ರೈಲಿಗೆ ಹತ್ತಿಸಿದ ದಿನವೇ ಆ ಬೀಜ ಬಿದ್ದಿತ್ತು. ಸೆವಾನಿಯ ಆ ವೀರಗಾಥೆ ಹುಟ್ಟಿದ್ದು ಹಣದ ಜಗಳದಿಂದ. ನಲವತ್ತೊಂದು ವರ್ಷದ ಮೇಲೆ ಅದೇ ಕಾಲೇಜು, ಹಣ ಇನ್ನೂ ಹೊಳೆಯಾಗಿ ಹರಿಯುವುದಕ್ಕೆ ಮೊದಲೇ, ದಡದಲ್ಲಿ ನಿಂತು ಇದು ನಮ್ಮ ಕೆಲಸವಲ್ಲ ಎಂದಿತು. ಇತಿಹಾಸ ಮೊದಲನೆಯದನ್ನು ಹಾಡುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಎರಡನೆಯದು.

ನಾವು ಹೋದ ದಿನದ ಪಂದ್ಯಕ್ಕೆ ಬಂದಿದ್ದವರು ಕೆಲವು ನೂರು ಜನ. ಅಕ್ಟೋಬರಿನ ಬಿಸಿಲು, ಸುತ್ತಲ ಮರಗಳ ಎಲೆ ಕೆಂಪಾಗಿದ್ದುವು. ಆಡುವ ಹುಡುಗರ ಅಪ್ಪ ಅಮ್ಮಂದಿರು ಬೆಂಚುಗಳ ಮೇಲೆ ಕಂಬಳಿ ಹಾಸಿಕೊಂಡು ಕುಳಿತಿದ್ದರು. ಆಟಗಾರರಲ್ಲಿ ಬಿಳಿಯರೂ ಇದ್ದರು, ಕರಿಯರೂ ಇದ್ದರು. ಅಂಚಿನಲ್ಲಿ ನನ್ನಷ್ಟೇ ವಯಸ್ಸಾದ ಒಬ್ಬರು ನಿಂತಿದ್ದರು; ತಾವು ಅಲ್ಲಿಯ ಹಳೆಯ ವಿದ್ಯಾರ್ಥಿಯೆಂದು ಹೇಳಿಕೊಂಡರು. ನಾನು 1899ರ ಮಾತೆತ್ತಿದೆ. ಅವರು ಐದು ಊರಿನ ಹೆಸರುಗಳನ್ನೂ ಅಂಕಗಳನ್ನೂ ಮಗ್ಗಿಯಂತೆ ಒಪ್ಪಿಸಿದರು. “ಆ 37 ಸೋಲು?” ಎಂದೆ. ಅವರು ಬೇಸರಪಡಲಿಲ್ಲ. “ಅದನ್ನೂ ನಮ್ಮ ಮಕ್ಕಳಿಗೆ ಹೇಳುತ್ತೇವೆ” ಎಂದರು.

ಆಟ ಮುಗಿಯಿತು. ಸೆವಾನಿ ಅಂದು ಸೋತಿತು. ಹುಡುಗರು ಶಿರಸ್ತ್ರಾಣ ಕಳಚಿ, ಎದುರಾಳಿಗಳ ಕೈಕುಲುಕಿ, ಅಪ್ಪ ಅಮ್ಮಂದಿರ ಕಡೆ ನಡೆದರು. ಅವರಲ್ಲೊಬ್ಬ ಕುಂಟುತ್ತಿದ್ದ; ತಾಯಿ ಅವನ ಕೈಯಿಂದ ಶಿರಸ್ತ್ರಾಣ ತೆಗೆದುಕೊಂಡಳು. “ಸೋಮವಾರ ಪರೀಕ್ಷೆಯಿದೆ” ಎಂದು ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು.

“ಹೇಗಿತ್ತು ಮಾವ?” ಎಂದ ಅಳಿಯ.

“ಮುಂದಿನ ವರ್ಷವೂ ಬರೋಣ” ಎಂದೆ.